ಅಡ್ಡ ಕೂತ ಮುಚ್ಚಳ

ಹೋದ ತಿಂಗಳು ಕಟ್ಟಿಗೆ ಕಡೆಯುವ ನನ್ನ ಲೇತ್ ಯಂತ್ರವನ್ನು ಕೊಟ್ಟುಬಿಟ್ಟೆ. ತೆಗೆದುಕೊಂಡು ಹೋದವಳು ಮಸ್ಕಿಯ ಒಬ್ಬ ಹುಡುಗಿ, ಆಗಷ್ಟೇ ಕಾಲೇಜು ಮುಗಿಸಿದವಳು. ಯಂತ್ರವನ್ನು ಟಂಟಂ ಗಾಡಿಗೆ ಏರಿಸಿ ಹಗ್ಗ ಬಿಗಿದಾದ ಮೇಲೆ ಆಕೆ ನನ್ನ ಹತ್ತಿರ ಬಂದು, "ಅಕ್ಕಾ, ಇಷ್ಟು ವರ್ಷ ಇದರ ಮುಂದ ನಿಂತೀರಿ. ಏನೈತ್ರಿ ಈ ಕೆಲಸದಾಗ ಅಂಥಾದ್ದು?" ಎಂದು ಕೇಳಿದಳು. ಮಾತು ನನಗೆ ಯಾವಾಗಲೂ ತಡವಾಗಿ ಬರುತ್ತದೆ. ಗಾಡಿ ತಿರುವು ದಾಟಿ ಹೋದ ಮೇಲೆ ಬರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಿವೃತ್ತಿ ಎಂದರೆ ಜನ ನಗುತ್ತಾರೆ. ನನ್ನ ತಲೆಯಿನ್ನೂ ನರೆತಿಲ್ಲ. ನರೆತಿರುವುದು ಶ್ವಾಸಕೋಶ. ಕಟ್ಟಿಗೆ ಕಡೆಯುವಾಗ ಏಳುವ ಪುಡಿ ಹಿಟ್ಟಿಗಿಂತ ನುಣುಪು. ಬೆಳಕಿನ ಕೋಲಿನಲ್ಲಿ ಅದು ಹಾರುವುದನ್ನು ನೋಡಲು ಚೆಂದ, ಒಳಗೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ. ಮೊದಮೊದಲು ನಾನು ಬಾಯಿಗೆ ಸೆರಗು ಕಟ್ಟಿಕೊಂಡರೆ ಸಾಕು ಅಂದುಕೊಂಡಿದ್ದೆ. ಸಾಲದು. ರಾಯಚೂರಿನ ಡಾಕ್ಟರು ಎದೆಯ ಚಿತ್ರ ನೋಡಿ, ಇನ್ನು ಮುಂದೆ ಆ ಕೋಣೆಯ ಬಾಗಿಲು ತೆರೆಯಬೇಡಿ ಎಂದರು. ಈ ಕೆಲಸಕ್ಕೆ ಬರುವವರು ಬೇರೆ ಯಾವ ಸಲಹೆ ಬಿಟ್ಟರೂ ಇದೊಂದನ್ನು ಬಿಡಬಾರದು: ಒಳ್ಳೆಯ ಮಾಸ್ಕ್ ಕೊಂಡ ಮೇಲೆಯೇ ಉಳಿ ಕೊಳ್ಳಿರಿ.

ನಾನು ಓದಿದ್ದು ಸಸ್ಯಶಾಸ್ತ್ರ. ಸೂಕ್ಷ್ಮದರ್ಶಕದ ಕೆಳಗೆ ಕಟ್ಟಿಗೆಯ ತೆಳು ಪದರ ಇಟ್ಟು, ಅದರ ನಾಳಗಳ ಚಿತ್ರ ಬರೆದು, ಅಂಕ ಪಡೆದವಳು. ಆದರೆ ಕಟ್ಟಿಗೆ ಉಸಿರಾಡುತ್ತದೆ ಎನ್ನುವುದು ನನಗೆ ತಿಳಿದಿದ್ದು ಲಿಂಗಸುಗೂರಿನಲ್ಲಿ, ನಮ್ಮ ಸೋದರಮಾವ ಮಾನಪ್ಪನ ಅಂಗಡಿಯಲ್ಲಿ. ಮಂಚದ ಕಾಲು, ತೊಟ್ಟಿಲಿನ ಕಂಬ, ಲಟ್ಟಣಿಗೆ ಅವನ ಕೆಲಸ. ಓದು ಮುಗಿಸಿ ನೌಕರಿಗೆ ಕಾಯುತ್ತಿದ್ದ ಕಾಲದಲ್ಲಿ, ಸುಮ್ಮನೆ ನೋಡಲು ಹೋದವಳು ಅಲ್ಲಿಯೇ ನಿಂತುಬಿಟ್ಟೆ. ಸುತ್ತುವ ಕಟ್ಟಿಗೆಗೆ ಅವನು ಉಳಿ ತಾಗಿಸಿದಾಗ ಉದ್ದನೆಯ ಸಿಪ್ಪೆ ರಿಬ್ಬನ್ನಿನಂತೆ ಎದ್ದು ಅವನ ಭುಜದ ಮೇಲೆ ಬೀಳುತ್ತಿತ್ತು. ಅದನ್ನು ನೋಡಿ ನನಗೆ ಆದದ್ದನ್ನು ಬೆರಗು ಎಂದೇ ಕರೆಯಬೇಕು. ಅದು ಕೊನೆಯವರೆಗೂ ಹೋಗಲಿಲ್ಲ.

ಮಾವ ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. "ಎಮ್ಮೆಸ್ಸಿ" ಅನ್ನುತ್ತಿದ್ದ. ಬಹಳ ದಿನ ಕಸ ಹೊಡೆಸಿದ. ಆಮೇಲೆ ಕಣ್ಣು ಮುಚ್ಚಿಸಿ ಯಂತ್ರದ ಪಕ್ಕ ನಿಲ್ಲಿಸಿದ.

"ಕಿವಿ ಕೊಡು ಎಮ್ಮೆಸ್ಸಿ. ಉಳಿ ಕುಂಯ್‌ಗುಡಾಕತ್ತಿದ್ರ ಮೊಂಡಾಗೈತಿ ಅಂತ. ಬುಸ್ ಅಂತ ಉಸುರು ಬಿಡಾಕತ್ತಿದ್ರ ಅದರ ಪಾಡಿಗೆ ಅದನ್ನ ಬಿಡು. ಕಣ್ಣು ಸುಳ್ಳು ಹೇಳತೈತಿ, ಕಿವಿ ಹೇಳಂಗಿಲ್ಲ."

ಇದು ನಿಜ. ಆದರೆ ಅವನು ಹೇಳಿದ್ದೆಲ್ಲ ನಿಜವಲ್ಲ. ಕಟ್ಟಿಗೆ ಎಲ್ಲಿ ಸೀಳು ಬಿಟ್ಟರೂ ತಪ್ಪನ್ನು ಅಮಾವಾಸ್ಯೆಯ ಮೇಲೆ ಹಾಕುತ್ತಿದ್ದ. ಹಸಿ ಕಟ್ಟಿಗೆ ಕಡೆದು ಬಿಸಿಲಿಗೆ ಇಟ್ಟವನು ತಾನೇ ಎಂಬುದು ಅವನಿಗೆ ನೆನಪಿರುತ್ತಿರಲಿಲ್ಲ. ಅಮಾವಾಸ್ಯೆಯಂದು ಉಳಿಗಳನ್ನು ತೊಳೆದು ಪೂಜೆ ಮಾಡಿ ಸುಮ್ಮನೆ ಕೂರುವುದು ಅವರ ಮನೆಯ ಪದ್ಧತಿ. ನಾನೂ ಅದನ್ನು ಪಾಲಿಸಿದೆ. ಕಾರಣ ಕೇಳಲಿಲ್ಲ. ಉಳಿಗೆ ಒಂದು ದಿನ ವಿಶ್ರಾಂತಿ ಸಿಕ್ಕರೆ ಕೈಗೂ ಸಿಗುತ್ತದೆ.

ಮುಂದೆ ಸಿಂಧನೂರಿನಲ್ಲಿ ನಮ್ಮ ಮನೆಯ ಹಿಂದಿನ ತಗಡಿನ ಕೊಟ್ಟಿಗೆಯನ್ನು ಖಾಲಿ ಮಾಡಿಸಿ ನನ್ನದೇ ಕಾರ್ಖಾನೆ ಹಾಕಿಕೊಂಡೆ. ಕಾರ್ಖಾನೆ ಎನ್ನುವುದು ನಮ್ಮ ತಾಯಿಯ ಮಾತು. ಒಂದು ಲೇತ್, ಒಂದು ಕಿಟಕಿ, ಗೋಡೆಗೆ ಉಳಿಗಳ ಸಾಲು, ಅಷ್ಟೇ. ಕಡೆದ ಬಟ್ಟಲು, ಕುಂಕುಮದ ಭರಣಿ, ಮಕ್ಕಳ ಗಿಲಕಿ, ಪೆನ್ನಿನ ಹಿಡಿಕೆ ಮಾಡುತ್ತಿದ್ದೆ. ಬೇಕಾದವರಿಗೆ ಕಾದ ತಂತಿಯಿಂದ ಹೆಸರು ಬರೆದುಕೊಡುತ್ತಿದ್ದೆ. ಮದುವೆ, ತೊಟ್ಟಿಲು ಹಾಕುವುದು, ಮಾಸ್ತರರ ಬೀಳ್ಕೊಡುಗೆ, ಹೀಗೆ ಯಾವುದಾದರೂ ಒಂದು ಬರುತ್ತಿತ್ತು. ಜನರೊಡನೆ ಹೆಚ್ಚು ಮಾತಾಡಬೇಕಾಗಿರಲಿಲ್ಲ. ಅದೂ ನನಗೆ ಹಿತವಾಗಿತ್ತು.

ಮೊದಲ ದೊಡ್ಡ ಪಾಠ ಲಿಂಗಸುಗೂರಿನ ಒಂದು ಮದುವೆಯಲ್ಲಿ ಆಯಿತು. ಬಂದ ಮುತ್ತೈದೆಯರಿಗೆಲ್ಲ ಹೆಸರಿರುವ ಕುಂಕುಮದ ಭರಣಿ ಕೊಡಬೇಕೆಂದು ಹೆಣ್ಣಿನವರ ಆಸೆ. ಆಗ ನಮ್ಮ ಸಿಂಧನೂರಿನಲ್ಲಿ ಕಾಲುವೆಗೆ ನೀರು ಬಿಟ್ಟಿದ್ದರು, ಊರಿನ ಸುತ್ತ ಬತ್ತದ ಗದ್ದೆಗಳು ತುಂಬಿ ನಿಂತಿದ್ದವು. ಗೋಡೆಗಳೂ ತಣ್ಣಗಿದ್ದ ಆ ದಿನಗಳಲ್ಲಿ ಒಂದೊಂದು ಮುಚ್ಚಳವನ್ನೂ ಕೂಡಿಸಿ, ತೆಗೆದು, ಮತ್ತೆ ಕೂಡಿಸಿ, ಬೆರಳ ತುದಿಗೆ ಮಾತ್ರ ತಿಳಿಯುವಷ್ಟು ಬಿಗಿ ಬರುವವರೆಗೆ ಬಿಡಲಿಲ್ಲ. ಮದುವೆಯ ಹೊತ್ತಿಗೆ ಅವು ಲಿಂಗಸುಗೂರಿನ ಒಣ ಹವೆಯಲ್ಲಿ ಕೆಲವು ವಾರ ಕಳೆದಿದ್ದವು. ಹಂದರದ ಕೆಳಗೆ ಹೆಂಗಸರು ಭರಣಿ ತೆರೆಯಲು ಹೋದರೆ ಅರ್ಧಕ್ಕರ್ಧ ತೆರೆಯಲೊಲ್ಲವು. ಒಬ್ಬರು ಇನ್ನೊಬ್ಬರ ಕೈಗೆ ಕೊಟ್ಟರು, ಒಬ್ಬಾಕೆ ಹಲ್ಲಿನಿಂದ ಕಚ್ಚಿದಳು, ಮತ್ತೊಬ್ಬಾಕೆ ಕಟ್ಟೆಗೆ ಕುಟ್ಟಿದಳು. ಊಟಕ್ಕೆ ಬಂದಿದ್ದ ಮಾವ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಎಲ್ಲರಿಗೂ ಕೇಳುವಂತೆ, "ಎಮ್ಮೆಸ್ಸಿ, ನೀ ಭರಣಿ ಮಾಡೀಯೋ ಖಜಾನಿ ಮಾಡೀಯೋ?" ಎಂದ.

ತೆರೆಯದವುಗಳನ್ನು ಚೀಲಕ್ಕೆ ತುಂಬಿಕೊಂಡು ಬಂದು ಮನೆಯಲ್ಲಿ ಸಾಲಾಗಿ ಇಟ್ಟು ನೋಡಿದೆ. ಅಲ್ಲಿ ಕಂಡದ್ದು ಇಷ್ಟು. ಕಟ್ಟಿಗೆ ಒಣಗುವಾಗ ಎಲ್ಲ ಕಡೆ ಒಂದೇ ಸಮ ಕುಗ್ಗುವುದಿಲ್ಲ. ಎಳೆಯ ಉದ್ದಕ್ಕೆ ಒಂದು ಬಗೆ, ಅಡ್ಡಕ್ಕೆ ಒಂದು ಬಗೆ. ಗುಂಡಗೆ ಕಡೆದ ಬಾಯಿ ಮೆಲ್ಲಗೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಮುಚ್ಚಳವೂ ಹಾಗೆಯೇ. ಎರಡೂ ಮೊಟ್ಟೆಗಳು ಒಂದೇ ಕಡೆ ಮುಖ ಮಾಡಿದ್ದರೆ ಮುಚ್ಚಳ ಸುಲಭವಾಗಿ ಏಳುತ್ತದೆ. ಒಂದಕ್ಕೊಂದು ಅಡ್ಡ ಕೂತರೆ ಹಲ್ಲು ಕಚ್ಚಿಕೊಂಡಂತೆ ಹಿಡಿದುಬಿಡುತ್ತವೆ. ತೆರೆಯದ ಪ್ರತಿಯೊಂದು ಭರಣಿಯಲ್ಲೂ ಮುಚ್ಚಳದ ಮೇಲಿನ ಕಟ್ಟಿಗೆಯ ಗೆರೆ ಕೆಳಗಿನ ಗೆರೆಗೆ ಅಡ್ಡವಾಗಿ ನಿಂತಿತ್ತು. ಪ್ಯಾಕ್ ಮಾಡುವಾಗ ಗಮನವಿಲ್ಲದೆ ಹೇಗೆ ಬಂತೋ ಹಾಗೆ ಮುಚ್ಚಿದ್ದೆ. ನಾನು ಪರೀಕ್ಷೆಯಲ್ಲಿ ಬರೆದಿದ್ದ ಪಾಠವೇ ಅದು. ಕಣ್ಣ ಮುಂದೆ ಆಗುವವರೆಗೂ ಅದು ಕಟ್ಟಿಗೆಯ ಮಾತು ಎಂದು ತೋರಿರಲಿಲ್ಲ. ಅಂದಿನಿಂದ ಪ್ರತಿ ಡಬ್ಬಿಯ ಮುಚ್ಚಳಕ್ಕೂ ಬಾಯಿಗೂ ಅಕ್ಕಿಕಾಳಿನಷ್ಟು ಒಂದೊಂದು ಗುರುತು ಸುಡತೊಡಗಿದೆ. ಎರಡನ್ನೂ ಎದುರು ಬದುರು ತಂದು ಮುಚ್ಚಿರಿ ಎಂದು ಕೊಳ್ಳುವವರಿಗೆ ಹೇಳುತ್ತಿದ್ದೆ.

ಜನ ತಮ್ಮ ಕಟ್ಟಿಗೆ ತಾವೇ ತರುವುದೂ ಇತ್ತು. ವಳಕಮದಿನ್ನಿಯ ರೈತರೊಬ್ಬರು, ಹನುಮಂತಪ್ಪ ಎಂದು, ಮುರಿದ ಬಂಡಿಯ ಗಾಲಿಯ ನಡುವಿನ ಗುಂಬವನ್ನು ತಂದರು. ಅಚ್ಚು ಹಾಯುವ ಆ ದಪ್ಪ ಜಾಲಿಯ ತುಂಡು ಕಲ್ಲಿನಂತೆ ಕರ್ರಗಾಗಿತ್ತು. ಮೂವರು ಹೆಣ್ಣುಮಕ್ಕಳಿಗೆ ಒಂದೊಂದು ಬಟ್ಟಲು ಮಾಡಿಕೊಡಿ, ಮೂವರೂ ಅದೇ ಬಂಡಿಯಲ್ಲಿ ಗಂಡನ ಮನೆಗೆ ಹೋದವರು ಎಂದರು. ಉಳಿ ತಾಗಿಸಿದೆ. ಕರಿ ಸಿಪ್ಪೆ ಹಾರಿಹೋಗಿ ಒಳಗಿನಿಂದ ಮಾಗಿದ ಖರ್ಜೂರದ ಕೆಂಪು ಬಂತು. ಅದರ ಜೊತೆಗೆ, ಎಷ್ಟೋ ವರ್ಷ ಅಚ್ಚಿಗೆ ಹಾಕಿದ ಔಡಲೆಣ್ಣೆ ಆ ಕಟ್ಟಿಗೆಯ ಒಡಲಲ್ಲಿ ಉಳಿದಿತ್ತಲ್ಲ, ಅದರ ವಾಸನೆ ಬಿಸಿಗೆ ಬಿಚ್ಚಿಕೊಂಡು ಕೋಣೆಯೆಲ್ಲ ತುಂಬಿತು. ಬಾಗಿಲಲ್ಲಿ ನಿಂತಿದ್ದ ಹನುಮಂತಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಮ್ಮಪ್ಪನ ಅಂಗಿ ವಾಸನಿ ಬಂತ್ರಿ," ಎಂದರು. ಹೆಸರು ಬರೆಯಲೇ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ.

ನಂತರ ಬಸ್ ಸ್ಟ್ಯಾಂಡ್ ಹತ್ತಿರ ಲೇಸರ್ ಅಂಗಡಿ ಬಂತು. ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಚುಕ್ಕೆಯೊಂದು ಓಡಾಡಿ, ಚಹಾ ಕುಡಿಯುವುದರೊಳಗೆ ಹೆಸರು, ಫೋಟೊ, ದೇವರ ಚಿತ್ರ ಎಲ್ಲ ಬರೆದುಬಿಡುತ್ತದೆ. ನನ್ನ ಗಿರಾಕಿಗಳಲ್ಲಿ ಬಹಳ ಮಂದಿ ಅತ್ತ ಹೋದರು. ಸಿಟ್ಟು ಬರಬೇಕಾಗಿತ್ತೋ ಏನೋ. ಒಂದು ಮಧ್ಯಾಹ್ನ ಹೋಗಿ ನೋಡಿದೆ. ಸುಟ್ಟ ಗೆರೆಯ ಅಂಚು ಅಷ್ಟು ಸ್ವಚ್ಛವಾಗಿತ್ತು ಎಂದರೆ, ನಾಲ್ಕು ಸಲ ಬೇರೆ ಬೇರೆ ಹೆಸರು ಬರೆಯುವುದನ್ನು ನಿಂತು ನೋಡಿದೆ. ಆಮೇಲೆ ಹೆಸರಿನ ಕೆಲಸವನ್ನು ಅಲ್ಲಿಗೇ ಕಳಿಸುತ್ತಿದ್ದೆ. ಆದರೆ ಕಟ್ಟಿಗೆಯ ಒಳಗೆ ಏನಿದೆ ಎನ್ನುವುದು ಆ ಯಂತ್ರಕ್ಕೆ ಬೇಕಿಲ್ಲ. ನನಗೆ ಬೇಕಾಗಿದ್ದುದು ಅದೊಂದೇ.

ಈಗ ಒಂದು ಡಬ್ಬಿಯ ಮಾತು. ಮಸ್ಕಿಯ ಹುಡುಗಿ ಕೇಳಿದ್ದಕ್ಕೆ ನನ್ನ ಉತ್ತರ ಇದರಲ್ಲೇ ಇದೆ.

ಒಂದು ಬೇಸಿಗೆಯಲ್ಲಿ, ನಮ್ಮ ಊರ ಹತ್ತಿರ ನಿರಾಶ್ರಿತರು ನೆಲೆಸಿರುವ ಆರ್.ಎಚ್. ಕ್ಯಾಂಪಿನಿಂದ ಇಬ್ಬರು ಬಂದರು. ಒಬ್ಬಳು ಮೌಶುಮಿ, ಸಿಂಧನೂರಿನ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಮುಖ ನೋಡಿದ ನೆನಪಿತ್ತು. ಇನ್ನೊಬ್ಬರು ಅವಳ ಅಜ್ಜಿ, ಶೆಫಾಲಿ. ಗಡಿಯಾಚೆಯ ಬಂಗಾಳದಿಂದ ಬಂದು ಕ್ಯಾಂಪಿನಲ್ಲಿ ನೆಲೆಸಿದವರಲ್ಲಿ ಮೊದಲಿನವರು. ಅಜ್ಜಿಯ ಕನ್ನಡ ಬತ್ತದ ನಾಟಿ ಹಚ್ಚುವ ನಮ್ಮ ಕಡೆಯ ಹೆಣ್ಣುಮಕ್ಕಳಿಂದ ಕಲಿತದ್ದು, ನನ್ನ ಕನ್ನಡಕ್ಕಿಂತ ಚುರುಕು. ಸೆರಗಿನ ಗಂಟು ಬಿಚ್ಚಿ, ಮುಷ್ಟಿಗಿಂತ ಸ್ವಲ್ಪ ದೊಡ್ಡದಾದ ಕಟ್ಟಿಗೆಯ ಡಬ್ಬಿಯೊಂದನ್ನು ನನ್ನ ಮೇಜಿನ ಮೇಲೆ ಇಟ್ಟರು. ಮೇಲೆ ಮೊನಚು ಮುಚ್ಚಳ, ಕೆಳಗೆ ಕುಂಬಳದಂತೆ ಉಬ್ಬಿದ ಹೊಟ್ಟೆ, ಕೈಯ ಜಿಡ್ಡಿನಿಂದ ಕರ್ರಗೆ ಹೊಳೆಯುತ್ತಿತ್ತು. ಅಲ್ಲಾಡಿಸಿದರೆ ಒಳಗೆ ಏನೋ ಲಟಕ್ ಅನ್ನುತ್ತಿತ್ತು.

ಅವರ ಮದುವೆಯಲ್ಲಿ ಮದುಮಗಳು ಕೈಯಲ್ಲಿ ಹಿಡಿಯುವ ಸಿಂಧೂರದ ಡಬ್ಬಿ ಇದು, ಇದಕ್ಕೆ ಕೌಟೊ ಅನ್ನುತ್ತಾರೆ ಎಂದು ಮೌಶುಮಿ ಹೇಳಿದಳು. ಒಳಗೆ ಸಿಂಧೂರ, ಒಂದು ಬೆಳ್ಳಿ ನಾಣ್ಯ. ಅಜ್ಜಿಯ ಮದುವೆಗೆ ಅದನ್ನು ತುಂಬಿಕೊಟ್ಟವಳು ಅಜ್ಜಿಯ ತಾಯಿ. ಆಮೇಲೆ ಗಡಿ ದಾಟುವ ಕಾಲ ಬಂದು, ಅಜ್ಜಿ ಗಂಡನ ಜೊತೆ ಇತ್ತ ಬಂದರು. ತಾಯಿ ಬರಲಿಲ್ಲ. ಮತ್ತೆ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಕ್ಯಾಂಪಿಗೆ ಬಂದ ಮೇಲೆ ಡಬ್ಬಿ ತೆರೆಯಲೇ ಇಲ್ಲ. ಈಗ ಶ್ರಾವಣದಲ್ಲಿ ಮೌಶುಮಿಯ ಮದುವೆ. ಮೊಮ್ಮಗಳ ಬೈತಲೆಗೆ ಅದೇ ಸಿಂಧೂರ ಬೀಳಬೇಕು ಎಂದು ಅಜ್ಜಿಯ ಹಟ.

"ತೆಗಿ. ಖರೆ, ಒಡಿಬ್ಯಾಡ," ಎಂದರು ಅಜ್ಜಿ. "ಒಡದು ತೆಗಿಯೂದಾದ್ರ ನಮ್ಮ ಮನ್ಯಾಗೂ ಕೊಡ್ಲಿ ಐತಿ."

ಕಿಟಕಿಯ ಬೆಳಕಿಗೆ ಹಿಡಿದು ಒಣ ಬಟ್ಟೆಯಿಂದ ಒರೆಸಿದೆ. ಹೊಟ್ಟೆಯ ಮೇಲೆ ಎದ್ದು ಬರುವ ಒಂದು ದಪ್ಪ ಕಂದು ಗೆರೆ ಬಾಯಿಯ ಅಂಚಿಗೆ ಬಂದು ನಿಂತಿತ್ತು. ಅದು ಮುಚ್ಚಳದಲ್ಲಿ ಮುಂದುವರಿಯಬೇಕು. ಎರಡೂ ಒಂದೇ ತುಂಡಿನಲ್ಲಿ ಕಡೆದವು. ಮುಚ್ಚಳದ ಮೇಲಿನ ಗೆರೆ ಕಾಲು ಸುತ್ತು ದೂರ ಸರಿದಿತ್ತು. ಲಿಂಗಸುಗೂರಿನ ನನ್ನ ಭರಣಿಗಳೇ ನೆನಪಾದವು. ನೀರಿನ ನಾಡಿನಲ್ಲಿ ಹುಟ್ಟಿದ ಡಬ್ಬಿ, ನಮ್ಮ ಒಣ ಬಿಸಿಲಿನಲ್ಲಿ ಕುಗ್ಗಿ, ಅಡ್ಡ ಕೂತ ಮುಚ್ಚಳವನ್ನು ಕಚ್ಚಿ ಹಿಡಿದಿತ್ತು. ಅಜ್ಜಿಗೆ ಎರಡೂ ಗೆರೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ರೈಲಿನ್ಯಾಗ ನಾಣ್ಯಕ್ಕ ಹತ್ತಿದ್ದಷ್ಟ ಬೈತಲಿಗೆ ಹಚ್ಚಿಗೊಂಡಿದ್ದೆ. ಇಳೀರಿ ಇಳೀರಿ ಅಂತ ಒದರಾಕತ್ತಿದ್ರು. ಅವಸರದಾಗ ಮುಚ್ಚೀನಿ," ಎಂದರು.

ಕೆಲಸವನ್ನು ಒಪ್ಪಿಕೊಂಡೆ. ನೋಡಲು ಸರಳವಿತ್ತು: ತೇವ ಕೊಟ್ಟರೆ ಕಟ್ಟಿಗೆ ತನ್ನ ಹಳೆಯ ಆಕಾರಕ್ಕೆ ಹಿಗ್ಗಬೇಕು. ಡಬ್ಬಿಯನ್ನು ಒದ್ದೆ ಬಟ್ಟೆಯ ಜೊತೆ ಸ್ಟೀಲ್ ಡಬರಿಯಲ್ಲಿ ಮುಚ್ಚಿಟ್ಟೆ. ಬೆಳಿಗ್ಗೆ ತೆಗೆದು ನೋಡಿದರೆ ಮುಚ್ಚಳದ ಅಂಚಿನಲ್ಲಿ ಕೂದಲಿನಂಥ ಬಿರುಕು. ಹೊರಮೈ ಹಿಗ್ಗಿತ್ತು, ಒಳಗಿನದು ಇನ್ನೂ ಒಣಗಿಯೇ ಇತ್ತು. ಅಲ್ಲಿಗೇ ನಿಲ್ಲಿಸಿ ಒಣ ಅರಿವೆಯಲ್ಲಿ ಸುತ್ತಿಟ್ಟೆ. ತೇವ ಬೇಕು, ನೀರು ಬೇಡ. ಬಿಸಿ ಬೇಕು, ಬೆಂಕಿ ಬೇಡ. ಮೆಲ್ಲಗೆ, ಎಲ್ಲ ಕಡೆ ಸಮವಾಗಿ. ಅದನ್ನು ಎಲ್ಲಿಂದ ತರುವುದು ತಿಳಿಯಲಿಲ್ಲ. ಹೊರಗೆ ಕಾಲುವೆ ಒಣಗಿ ಬಿರುಕು ಬಿಟ್ಟಿತ್ತು.

ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋದೆ. ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಉಗುರಿನಿಂದ ಉಬ್ಬಿನ ಮೇಲೆ ಗೀರಿದ. ಅವನ ಬಾಯಿಂದ ತಮಾಷೆ ಬರಲಿಲ್ಲ.

"ಯಾರ್ ಕಡದಾರ ಇದನ್ನ?" ಎಂದ.

ಗೊತ್ತಿಲ್ಲ ಎಂದೆ.

"ಕರೆಂಟಿನ ಕೆಲಸ ಅಲ್ಲ ಇದು. ಹಗ್ಗ ಎಳದು ಕಡದಾನ ಪುಣ್ಯಾತ್ಮ." ಡಬ್ಬಿಯನ್ನು ನನ್ನ ಕೈಗೆ ಮರಳಿಸಿದ. "ಕೊಯ್ದು ಬಿಡು ಎಮ್ಮೆಸ್ಸಿ. ದಾರದ ಎಳಿಯಷ್ಟು ಕಟ್ಟಿಗಿ ಹೋಗತೈತಿ, ಅಷ್ಟ. ಹೊಸಾ ಅಂಚು ಕೂಡಿಸು. ಒಣಗಿದ್ದು ಒಣಗೇ ಹೋತು. ಬಾಣಂತಿ ಹೊಟ್ಟಿ ಏನದು, ತಿರುಗಿ ಮದಲಿನಂಗ ಆಗಾಕ?"

ಅವನ ಮಾತು ಕೆಲಸದ ದೃಷ್ಟಿಯಿಂದ ಸರಿಯೇ. ಬೇರೆ ಯಾವ ಡಬ್ಬಿಯಾಗಿದ್ದರೂ ನಾನು ಹಾಗೇ ಮಾಡುತ್ತಿದ್ದೆ. ಅದೇ ಅಳತೆಯಲ್ಲಿ ಶಿವನೆ ಕಟ್ಟಿಗೆಯ ಹೊಸ ಕೌಟೊ ಒಂದನ್ನು ಕಡೆದಿಟ್ಟೆ, ಹಳೆಯದು ತೆರೆಯದಿದ್ದರೆ ಮದುಮಗಳ ಕೈ ಬರಿದಾಗಬಾರದಲ್ಲ. ಆಷಾಢ ಬಂತು. ಮೌಶುಮಿಯ ತಾಯಿ ಫೋನು ಮಾಡಿದರು. ಮನೆಯ ಕೆಲಸವೆಲ್ಲ ಅವರ ತಲೆಯ ಮೇಲೆ. ಅವರ ಬೇಸರವೂ ನ್ಯಾಯವೇ. ಕೊಯ್ದು ತೆಗೆಯಿರಿ, ತಾನಾಗಿ ತೆರೆಯಿತು ಎಂದು ಅತ್ತೆಗೆ ನಾನು ಹೇಳುತ್ತೇನೆ ಎಂದರು.

ಡಬ್ಬಿಗೆ ಮೆತ್ತನೆ ಬಟ್ಟೆ ಕಟ್ಟಿ ಲೇತ್‌ಗೆ ಹಿಡಿಸಿದೆ. ತೆಳು ಉಳಿ ಮಸೆದೆ. ಗುಂಡಿ ಒತ್ತಿದೆ. ಡಬ್ಬಿ ಸುತ್ತತೊಡಗಿದ ಕೂಡಲೇ ಒಳಗಿನ ನಾಣ್ಯವೂ ಎದ್ದು ಸುತ್ತತೊಡಗಿತು. ಝಣ್ ಎಂದು ಒಂದೇ ಸಣ್ಣ ದನಿ. ಎಷ್ಟೋ ವರ್ಷಗಳಿಂದ ಕತ್ತಲಲ್ಲಿ ಇದ್ದದ್ದು ಓಡತೊಡಗಿದಂತೆ. ಕಿವಿ ಕೊಡು ಎಂದು ಕಲಿಸಿದವನು ಮಾವನೇ. ಯಂತ್ರ ಆರಿಸಿದೆ. ಅದು ನಿಂತ ಮೇಲೂ ನಾಣ್ಯ ಇನ್ನೊಂದು ಸುತ್ತು ಹಾಕಿ ಸುಮ್ಮನಾಯಿತು.

ಮರುದಿನ ಎರಡೂ ಡಬ್ಬಿಗಳನ್ನು ಚೀಲದಲ್ಲಿ ಹಾಕಿಕೊಂಡು ಆಟೊ ಹಿಡಿದು ಕ್ಯಾಂಪಿಗೆ ಹೊರಟೆ. ನನ್ನಿಂದ ಆಗಲಿಲ್ಲ ಎಂದು ಹೇಳಿ ಬರುವುದು ನನ್ನ ಉದ್ದೇಶ. ಅಂಗಳದಲ್ಲಿ ಅಜ್ಜಿ ಮೊಣಕಾಲೂರಿ ಕೂತಿದ್ದರು. ಅವರ ಮುಂದೆ ಹುಲ್ಲು ಹೊದಿಸಿದ ಗೋಣಿಚೀಲಗಳು. ಕಾಲುವೆಯ ನೀರು ಬರುವುದರೊಳಗೆ ಸಸಿ ಸಿದ್ಧವಿರಲಿ ಎಂದು ಬೋರಿನ ನೀರಲ್ಲಿ ಬೀಜದ ಬತ್ತ ನೆನೆಸಿ, ಚೀಲಕ್ಕೆ ಕಟ್ಟಿ, ಮೊಳಕೆಗೆ ಇಟ್ಟಿದ್ದರು. ಅಜ್ಜಿ ಒಂದು ಚೀಲದ ಬಾಯಿ ಬಿಚ್ಚಿ ಒಳಗೆ ಮೊಣಕೈಯವರೆಗೆ ಕೈ ಹಾಕಿ ನೋಡುತ್ತಿದ್ದರು. ಚೀಲದ ಬಾಯಿಂದ ತೆಳ್ಳನೆಯ ಹಬೆ ಬರುತ್ತಿತ್ತು.

"ಬಾ, ನೋಡು," ಎಂದು ನನ್ನ ಕೈಯನ್ನೂ ಎಳೆದು ಒಳಗೆ ಹಾಕಿಸಿದರು.

ಜ್ವರ ಬಂದ ಮಗುವಿನ ಹಣೆಯಂತೆ ಬಿಸಿ. ಕೆಳಗೆ ಬೆಂಕಿಯಿಲ್ಲ, ಮೇಲೆ ಬಿಸಿಲಿಲ್ಲ. ಕಾಳುಗಳು ತಾವೇ ಉಸಿರಾಡಿ ಆ ಶಾಖವನ್ನು ಮಾಡುತ್ತಿದ್ದವು. ಕೈ ಹೊರಗೆ ತೆಗೆದೆ: ತೇವ ಇತ್ತು, ಒಂದು ಹನಿಯೂ ಇರಲಿಲ್ಲ. ಬೀಜ ಮೊಳೆಯುವಾಗ ಶಾಖ ಹುಟ್ಟುತ್ತದೆ ಎಂಬುದನ್ನೂ ನಾನು ಓದಿದ್ದೆ. ಓದಿದ್ದು ಈಗ ನನ್ನ ಮುಂಗೈಯ ಮೇಲೆ ಕೂತಿತ್ತು.

ಹೇಳಬೇಕೆಂದು ಬಂದ ಮಾತನ್ನು ಹೇಳಲಿಲ್ಲ. ಡಬ್ಬಿಯನ್ನು ಈ ಚೀಲಗಳ ನಡುವೆ ಇಡಬಹುದೇ ಎಂದು ಕೇಳಿದೆ. ಮೌಶುಮಿಯ ತಾಯಿ ಬಾಗಿಲಲ್ಲಿ ನಿಂತು ಬೂಸು ಹಿಡಿಯುತ್ತದೆ, ಇದ್ದದ್ದೂ ಹೋಗುತ್ತದೆ ಎಂದರು. ಇದೂ ಸುಳ್ಳಲ್ಲ. ಅಷ್ಟರೊಳಗೆ ಅಜ್ಜಿ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡಿದ್ದರು.

"ಒಣಗಿದ ಬೀಜಕ್ಕ ಜೀವ ಬರತೈತಿ. ಇದೇನು ಪಾಪ ಮಾಡೈತಿ?" ಎಂದರು.

ಅವರ ಹಳೆಯ ನೂಲಿನ ಸೀರೆಯ ತುಂಡಿನಲ್ಲಿ ಏಳೆಂಟು ಸುತ್ತು ಸುತ್ತಿ, ಚೀಲದ ಒಳಗಲ್ಲ, ಎರಡು ಚೀಲಗಳ ನಡುವಿನ ಸಂದಿನಲ್ಲಿ ಇಟ್ಟು, ಮೇಲೆ ಹುಲ್ಲು ಮುಚ್ಚಿದೆವು. ಆ ಬತ್ತ ಮೊಳೆತು ಸಸಿಮಡಿಗೆ ಹೋಯಿತು. ಅದರ ಜಾಗಕ್ಕೆ ಪಕ್ಕದ ಮನೆಯವರ ಚೀಲಗಳು ಬಂದವು, ಆಮೇಲೆ ಇನ್ನೊಬ್ಬರವು. ಡಬ್ಬಿ ಅಲ್ಲೇ ಇತ್ತು. ಕ್ಯಾಂಪಿನ ಜನ, ಡಬ್ಬಿಗೆ ಮೊಳಕೆ ಬಂತೇ ಎಂದು ಅಜ್ಜಿಯನ್ನು ಕಾಡುತ್ತಿದ್ದರಂತೆ. ಎರಡು ಎಲಿ ಒಡದಾವ ಎಂದು ಅವರೂ ಉತ್ತರ ಕೊಡುತ್ತಿದ್ದರಂತೆ.

ಕೊನೆಗೆ ಮೌಶುಮಿ ಔಷಧಿ ಅಂಗಡಿಯಿಂದ ಫೋನು ಮಾಡಿದಳು. "ಅಕ್ಕಾ, ಅರಿವಿ ಬಿಚ್ಚಿ ನೋಡೀವಿ. ಮುಚ್ಚಳ ಅಲ್ಲಾಡಾಕತ್ತೈತಿ ಅಂತ ಅನಸ್ತೈತ್ರಿ. ನೀವು ಬರೂತನಾ ಯಾರೂ ಮುಟ್ಟಬ್ಯಾಡ್ರಿ ಅಂತ ಕುಂತಾಳ ಅಜ್ಜಿ. ಲಗೂ ಬರ್ರಿ."

ಹೋದಾಗ ಎಲ್ಲರೂ ಅಂಗಳದಲ್ಲಿದ್ದರು. ಅಜ್ಜಿಯ ಗಂಡ ಹೊರಸಿನ ಮೇಲೆ ಕೂತಿದ್ದರು. ತೆಗಿ ಎಂದು ಅಜ್ಜಿ ಡಬ್ಬಿಯನ್ನು ನನ್ನತ್ತ ಚಾಚಿದರು. ನಾನು ಕೈ ಹಿಂದೆ ತೆಗೆದುಕೊಂಡೆ. ಎಳೆಯಬೇಡಿ, ತಿರುಗಿಸಿ, ಗೆರೆ ಗೆರೆಗೆ ಬರುವವರೆಗೆ, ಎಂದಷ್ಟೇ ಹೇಳಿದೆ.

ಅವರು ಎರಡೂ ಅಂಗೈಗಳ ನಡುವೆ ಹಿಡಿದು ತಿರುಗಿಸಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ಮುಚ್ಚಳದ ಗೆರೆ ಒಂದು ಕಾಳಿನಷ್ಟು ಸರಿಯಿತು. ಮತ್ತೆ ಸರಿಯಿತು. ಕಾಲು ಸುತ್ತು ದಾಟಿ ಮೇಲಿನ ಗೆರೆ ಕೆಳಗಿನ ಗೆರೆಯ ನೆತ್ತಿಗೆ ಬಂದು ನಿಂತಾಗ, ಯಾರೂ ಎತ್ತದೆ, ಮುಚ್ಚಳ ಒಂದು ಸಣ್ಣ ಉಸಿರು ಬಿಟ್ಟು ಸಡಿಲಾಯಿತು.

ಮೊದಲು ನಾನು ನೋಡಿದ್ದು ಕಟ್ಟಿಗೆಯನ್ನೇ. ಹೊರಗೆ ಅಷ್ಟು ಕರ್ರಗಿದ್ದ ಡಬ್ಬಿಯ ಬಾಯಿಯ ಒಳ ಅಂಚು ನಿನ್ನೆ ಕಡೆದಂತೆ ಹಾಲುಬಣ್ಣಕ್ಕಿತ್ತು. ಅಲ್ಲಿ ಉಳಿಯ ಗೆರೆಗಳಿದ್ದವು. ಸ್ವಲ್ಪ ಹೋಗಿ ನಿಂತು, ಮತ್ತೆ ಸ್ವಲ್ಪ ಹೋಗಿ ನಿಂತು ಬಂದ ಗೆರೆಗಳು. ಒಬ್ಬರು ಹಗ್ಗ ಎಳೆದು ಬಿಟ್ಟಂತೆಲ್ಲ ಇನ್ನೊಬ್ಬನ ಉಳಿ ಮುಂದೆ ಹೋಗಿ ತಡೆದಿದೆ. ಮಾವ ಹೊರಗಿನಿಂದ ಉಗುರಲ್ಲಿ ಓದಿದ್ದು ಸರಿಯಿತ್ತು. ಹೆಸರಿಲ್ಲದ, ಊರು ಗೊತ್ತಿಲ್ಲದ ಒಬ್ಬ ಮನುಷ್ಯನ ತೋಳಿನ ಚಲನೆ ಅಲ್ಲಿ ಹಾಗೇ ಇತ್ತು.

ಅದರ ಕೆಳಗೆ ಸಿಂಧೂರ. ತಳದಲ್ಲಿ ಎಣ್ಣೆಯೊಡನೆ ಗಟ್ಟಿಯಾಗಿ ಕೂತು, ಬಣ್ಣ ಎಳ್ಳಷ್ಟೂ ಕುಂದಿರಲಿಲ್ಲ. ಅದರ ಮೇಲೆ ನಾಣ್ಯ ಕೆಂಪಾಗಿ ಬಿದ್ದಿತ್ತು. ಮೌಶುಮಿ ನಾಣ್ಯವನ್ನು ಎತ್ತಿದಳು. ಆಗ ಕಂಡಿತು. ಗಟ್ಟಿಯಾದ ಸಿಂಧೂರದ ಒಂದು ಬದಿಗೆ ಬೆರಳ ತುದಿ ಒತ್ತಿದ ಕುಳಿ. ತುಂಬಿದ ಮೇಲೆ ಹೊರಗೆ ಚೆಲ್ಲದಿರಲಿ ಎಂದು ಯಾರೋ ಮೆಲ್ಲಗೆ ಅದುಮಿದ್ದು.

ಯಾರೋ ಅಲ್ಲ. ತುಂಬಿದವರು ಯಾರೆಂದು ಅಂಗಳದಲ್ಲಿ ಎಲ್ಲರಿಗೂ ಗೊತ್ತಿತ್ತು.

ಮೌಶುಮಿ ಹಿಂದೆ ಸರಿದಳು. "ಇದು ಬ್ಯಾಡ ಅಜ್ಜಿ. ನನಗ ಬಜಾರದ್ದ ಇರ್ಲಿ. ಇದನ್ನ ಹಿಂಗ ಇಟ್ಟುಬಿಡು," ಎಂದಳು. ಅವಳ ತಾಯಿಯೂ, ಮೊದಲ ಸಲ, ಹೌದು ಎಂದರು. ಬಳಸಿದರೆ ಆ ಕುಳಿ ಅಳಿಯುತ್ತದೆ. ನನಗೂ ಹಾಗೇ ಅನಿಸಿತು. ಅಷ್ಟು ದಿನ ತೆರೆಯಲು ಹೆಣಗಿದ್ದನ್ನು ಆ ಕ್ಷಣ ಮತ್ತೆ ಮುಚ್ಚಿಬಿಡಬೇಕು ಅನಿಸಿತು.

ಅಜ್ಜಿ ಯಾರ ಮಾತನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಬಲಗೈಯ ಉಂಗುರದ ಬೆರಳನ್ನು ಒಳಗಿಟ್ಟು ಆ ಕುಳಿಯಲ್ಲೇ ಊರಿದರು. ಬೆರಳು ತೆಗೆದು ತಮ್ಮ ಬಿಳಿ ಬೈತಲೆಯ ಮೇಲೆ ಎಳೆದುಕೊಂಡರು. ಹೊರಸಿನ ಮೇಲಿದ್ದ ಅವರ ಗಂಡ ಮುಖ ಅತ್ತ ತಿರುಗಿಸಿದರು.

ಅಜ್ಜಿ ತಮ್ಮ ಕೆಂಪು ಬೆರಳನ್ನು ನೋಡುತ್ತ, "ನಮ್ಮವ್ವನ ಬೆರಳು ಸಣ್ಣದಿತ್ತು," ಎಂದರು. "ನನ್ನದು ಹಿಡೀವಲ್ದು."

ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಇಡಾಕ ಅಲ್ಲ ಆಕಿ ಕೊಟ್ಟಿದ್ದು," ಎಂದರು.

ಮುಚ್ಚಳವನ್ನು ಅವರೇ ಮುಚ್ಚಿದರು. ಕಣ್ಣಿಗೆ ಹತ್ತಿರ ಹಿಡಿದು, ಗೆರೆಗೆ ಗೆರೆ ಕೂಡಿಸಿ, ಕೈ ಬಿಟ್ಟರು. ಅದು ತನ್ನ ಭಾರಕ್ಕೇ ಇಳಿದು ಕೂತಿತು. ತೆಗೆದರು, ಮತ್ತೆ ಮುಚ್ಚಿದರು. ಹೊಸ ಆಟಿಕೆ ಸಿಕ್ಕವರಂತೆ ಎಷ್ಟು ಸಲ ಹಾಗೆ ಮಾಡಿದರೋ. ಅಕ್ಕಿಕಾಳಿನ ಗುರುತು ಸುಟ್ಟುಕೊಡಲೇ ಎಂದು ನಾನು ಕೇಳಲಿಲ್ಲ. ಬೇಕಿರಲಿಲ್ಲ.

ಮದುವೆಗೆ ಹೋಗಿ ಹಿಂದೆ ನಿಂತು ನೋಡಿದೆ. ಮೌಶುಮಿಯ ಕೈಯಲ್ಲಿ ಆ ಡಬ್ಬಿ ಇತ್ತು. ಅದರ ಅಂಚಿನಲ್ಲಿ ನಾನು ಮಾಡಿದ ಕೂದಲಿನ ಬಿರುಕು ಎಲ್ಲಿದೆ ಎಂದು ನನಗೆ ಮಾತ್ರ ಕಾಣುತ್ತಿತ್ತು. ವರ ನಾಣ್ಯದ ಅಂಚಿನಿಂದ ಅವಳ ಬೈತಲೆಗೆ ಕೆಂಪು ಎಳೆದ. ಅಜ್ಜಿ ನನ್ನನ್ನು ಹುಡುಕಿ ನೋಡಿದರು, ಕರೆಯಲಿಲ್ಲ. ನನ್ನ ಸ್ವಭಾವ ಅವರಿಗೆ ಅಷ್ಟರಲ್ಲಿ ತಿಳಿದಿತ್ತು.

ಮಾವನಿಗೆ ಹೇಳಿದಾಗ ಅವನು ನಂಬಲಿಲ್ಲ. ಅಂದು ಅಮಾವಾಸ್ಯೆ ಇರಲಿಲ್ಲವಲ್ಲ, ಅದಕ್ಕೇ ತೆರೆಯಿತು ಎಂದ.

ನಾನು ಕಡೆದ ಶಿವನೆಯ ಹೊಸ ಡಬ್ಬಿ ಯಾರಿಗೂ ಬೇಕಾಗದೆ ನನ್ನಲ್ಲೇ ಉಳಿಯಿತು. ಇಷ್ಟು ವರ್ಷ ಮಾಡಿದ್ದೆಲ್ಲ ಬೇರೆಯವರ ಹೆಸರು ಹೊತ್ತು ಬೇರೆಯವರ ಮನೆಗೆ ಹೋಯಿತು. ನನ್ನ ಕೈಯ ಕೆಲಸವೆಂದು ಈ ಮನೆಯಲ್ಲಿ ಇರುವುದು ಅದೊಂದೇ. ಅದರ ಮೇಲೆ ಹೆಸರಿಲ್ಲ, ಗುರುತೂ ಇಲ್ಲ.

ಮಸ್ಕಿಯ ಹುಡುಗಿ, ಅದು ನಿನಗೆ. ಬಂದು ತೆಗೆದುಕೊಂಡು ಹೋಗು. ಈಗ ಕಾಲುವೆಯಲ್ಲಿ ನೀರಿದೆ, ಇಲ್ಲಿ ಅದು ಸುಲಭವಾಗಿ ತೆರೆಯುತ್ತದೆ. ನಾನು ಮುಚ್ಚಳವನ್ನು ಬೇಕೆಂದೇ ಅಡ್ಡ ಮುಚ್ಚಿ ಇಟ್ಟಿದ್ದೇನೆ. ನಿಮ್ಮ ಮಸ್ಕಿಯ ಒಣ ಗಾಳಿಗೆ ಕೆಲವು ವಾರದಲ್ಲಿ ಬಿಗಿಯುತ್ತದೆ. ಆಗ ಕೊಯ್ಯಬೇಡ, ಕುಟ್ಟಬೇಡ. ಬೆಳಕಿಗೆ ಹಿಡಿದು ಗೆರೆ ನೋಡು.